ಹರಿಗೋಲಿಗೆ ಬಾಡಿಗೆ, ಅಂಬಿಗನಿಗೆ ಶಾಲು

ನೆರೆ ಬರಲಿ, ಬಣವೆಗೆ ಬೆಂಕಿ ಬೀಳಲಿ, ಹೆದ್ದಾರಿಯಲ್ಲಿ ಅಪಘಾತವಾಗಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಮೊದಲು ಓಡಿ ಬರುವವರು ಸಂಬಳವಿಲ್ಲದವರು. ಅವರಿಗೆ ಹಣ ಕೊಡಬೇಕೇ? ಕೊಟ್ಟರೆ ಸೇವಾಭಾವ ಕೆಡುತ್ತದೆಯೇ? ಕೊಡದಿದ್ದರೆ ಯಾರ ಹೊಟ್ಟೆಗೆ ಹೊಡೆತ?

ಮಹಾರಾಷ್ಟ್ರದ ಘಟ್ಟಗಳಲ್ಲಿ ನಾಲ್ಕು ದಿನ ಮಳೆ ಹಿಡಿದು ಸುರಿದರೆ ಸಾಕು, ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ತೀರದ ಜನ ಹೊಳೆಯ ಬಣ್ಣ ನೋಡತೊಡಗುತ್ತಾರೆ. ಆಲಮಟ್ಟಿ ತುಂಬಿ, ಅದರ ನೀರು ನಾರಾಯಣಪುರದ ಬಸವಸಾಗರಕ್ಕೆ ಇಳಿದು, ಅಲ್ಲಿನ ಗೇಟುಗಳು ಮೇಲೆದ್ದರೆ ಶೀಲಹಳ್ಳಿ ಸೇತುವೆಯ ಮೇಲೆ ಕೆನ್ನೀರು ಹರಿಯುತ್ತದೆ. ಕರಕಲಗಡ್ಡಿ, ಮ್ಯಾದರಗಡ್ಡಿ, ವಂಕಮ್ಮನಗಡ್ಡಿಯಂಥ ನಡುಗಡ್ಡೆಗಳಿಗೆ ದಡದ ನಂಟು ತಪ್ಪುತ್ತದೆ.

ಹೊಳೆ ಬರುತ್ತದೆಂದು ಡಂಗುರ ಸಾರಿದರೂ ದನ, ಆಡು, ಕುರಿ ಬಿಟ್ಟು ಹೊರಡಲು ಎಲ್ಲರೂ ಒಪ್ಪುವುದಿಲ್ಲ. ನೀರು ಏರಿದ ಮೇಲೆ ಗಡ್ಡಿಯಲ್ಲಿ ಯಾರಿಗಾದರೂ ಹೆರಿಗೆ ನೋವು ಕಾಣಿಸಿಕೊಂಡಿತೆಂದರೆ, ಹಾವು ಕಚ್ಚಿತೆಂದರೆ, ಊರಿನ ಕಣ್ಣೆಲ್ಲ ಹರಿಗೋಲು ಇರುವವನ ಮನೆಯತ್ತ ತಿರುಗುತ್ತದೆ.

ಜಿಲ್ಲಾ ಕೇಂದ್ರ ರಾಯಚೂರು ಇಲ್ಲಿಂದ ಸುಮಾರು 90 ಕಿಲೊಮೀಟರ್. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಬರಬೇಕಾದರೆ ಇನ್ನೂ ದೂರದಿಂದ ಬರಬೇಕು. ಆ ನಡುವಿನ ಗಂಟೆಗಳಲ್ಲಿ ಜೀವ ಉಳಿಯುವುದೋ ಹೋಗುವುದೋ ಎಂಬುದು ಅಂಬಿಗರು, ಮೀನುಗಾರರು, ಈಜು ಬಲ್ಲ ಹುಡುಗರ ಕೈಯಲ್ಲಿರುತ್ತದೆ. ಸುದ್ದಿಯಾದರೆ ಅವರಿಗೆ ಸನ್ಮಾನ ಉಂಟು: ಒಂದು ಶಾಲು, ಒಂದು ಹಾರ, ಒಂದು ಪ್ರಮಾಣಪತ್ರ. ಆ ದಿನದ ದುಡಿಮೆ ಹೋದದ್ದು ಮಾತ್ರ ಹೋದದ್ದೇ.

ಪ್ರತಿವರ್ಷ ಡಿಸೆಂಬರ್ 6ರಂದು ಗೃಹರಕ್ಷಕ ದಳದ ಸಂಸ್ಥಾಪನಾ ದಿನ ಆಚರಿಸುವಾಗ ಇದೇ ಪ್ರಶ್ನೆ ಮತ್ತೊಂದು ಮುಖದಲ್ಲಿ ಎದ್ದು ನಿಲ್ಲುತ್ತದೆ. ಸ್ವಯಂಸೇವಕರೆಂದು ಕರೆಸಿಕೊಂಡು ಪೊಲೀಸರ ಪಕ್ಕ ನಿಂತು ದುಡಿಯುವವರಿಗೆ ಎಷ್ಟು ಕೊಡಬೇಕು? ಅದು ಭತ್ಯೆಯೋ, ಕೂಲಿಯೋ, ಸಂಬಳವೋ?

ಮೂರು ಬಗೆಯ ಮಂದಿ

ತುರ್ತು ಹೊತ್ತಿನಲ್ಲಿ ನೆರವಿಗೆ ಬರುವ ಸಂಬಳವಿಲ್ಲದವರೆಲ್ಲ ಒಂದೇ ಬಗೆಯವರಲ್ಲ. ಅವರನ್ನು ಒಂದೇ ಗುಂಪಿಗೆ ಸೇರಿಸಿದ್ದರಿಂದಲೇ ಚರ್ಚೆ ಹಳಿ ತಪ್ಪುತ್ತದೆ.

ಮೊದಲನೆಯವರು ತಾವಾಗಿ ಬಂದವರು. ರಸ್ತೆಯಲ್ಲಿ ಬೈಕಿನಿಂದ ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಸಾಗಿಸುವ ದಾರಿಹೋಕರು, ತುಂಗಭದ್ರಾ ಎಡದಂಡೆ ನಾಲೆಗೆ ಬಿದ್ದವರಿಗಾಗಿ ಹಾರುವ ಈಜುಗಾರರು, ಬಣವೆಗೆ ಬೆಂಕಿ ಬಿದ್ದಾಗ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಕಟ್ಟಿಕೊಂಡು ಬರುವ ರೈತರು ಈ ಸಾಲಿನವರು. ತಾಲ್ಲೂಕು ಕೇಂದ್ರದ ಅಗ್ನಿಶಾಮಕ ವಾಹನ ದೂರದ ಹಳ್ಳಿ ತಲುಪುವಷ್ಟರಲ್ಲಿ ಬೆಂಕಿಯ ಅರ್ಧ ಕೆಲಸ ಮುಗಿದಿರುತ್ತದೆ. ಉಳಿದರ್ಧವನ್ನು ತಡೆದವರು ಅಕ್ಕಪಕ್ಕದ ಹೊಲದವರೇ.

ಎರಡನೆಯವರು ತರಬೇತಿ ಪಡೆದು ಪಟ್ಟಿಯಲ್ಲಿ ಹೆಸರಿರುವವರು. ನಾಗರಿಕ ರಕ್ಷಣಾ ಕಾರ್ಯಕರ್ತರು, ‘ಆಪದ ಮಿತ್ರ’ ಯೋಜನೆಯ ಸ್ವಯಂಸೇವಕರು ಇಲ್ಲಿ ಬರುತ್ತಾರೆ. ವರ್ಷದಲ್ಲಿ ಕೆಲವೇ ದಿನ ಆಡಳಿತ ಇವರನ್ನು ಕರೆಯುತ್ತದೆ.

ಮೂರನೆಯವರು ಗೃಹರಕ್ಷಕರು. ಕಾಗದದ ಮೇಲೆ ಇವರೂ ಸ್ವಯಂಸೇವಕರೇ. ಆದರೆ ಚುನಾವಣೆ, ಗಣೇಶೋತ್ಸವ, ಮಸ್ಕಿ ಮಲ್ಲಿಕಾರ್ಜುನನ ಜಾತ್ರೆ, ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾದೇವಿ ಜಾತ್ರೆಯಂಥ ಬಂದೋಬಸ್ತಿನಿಂದ ಹಿಡಿದು ಸಂಚಾರ ನಿಯಂತ್ರಣ, ರಾತ್ರಿ ಗಸ್ತಿನವರೆಗೆ ಖಾಕಿ ತೊಟ್ಟು ನಿಲ್ಲಬೇಕಾದ ಕೆಲಸ ಇವರದು. ಅನೇಕರಿಗೆ ಇದೇ ಹೊಟ್ಟೆಪಾಡು.

ಬಾಕ್ಸ್: ಮೂರು ಪಟ್ಟಣ, ಒಂದೇ ಹೆದ್ದಾರಿ

• ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಜೇವರ್ಗಿಯಿಂದ ಬಳ್ಳಾರಿ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲಿವೆ.

• ಲಿಂಗಸುಗೂರಿಗೆ ಉತ್ತರದಲ್ಲಿ ಕೃಷ್ಣೆ, ಸಿಂಧನೂರಿಗೆ ದಕ್ಷಿಣದಲ್ಲಿ ತುಂಗಭದ್ರೆ. ಮಸ್ಕಿಗೆ ಮಸ್ಕಿ ಹಳ್ಳ.

• ಸಿಂಧನೂರು ಸೀಮೆಯ ಭತ್ತದ ಗದ್ದೆಗಳಿಗೆ ನೀರುಣಿಸುವುದು ತುಂಗಭದ್ರಾ ಎಡದಂಡೆ ಕಾಲುವೆ.



• 2025ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಗೆ ಗುರುತಿಸಿದ 244 ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಶಾಖೋತ್ಪನ್ನ ವಿದ್ಯುತ್ ಸ್ಥಾವರವಿರುವ ಶಕ್ತಿನಗರ ಇದೇ ಜಿಲ್ಲೆಯದು.

ದೋಣಿಗೆ ದರವಿದೆ, ತೋಳಿಗಿಲ್ಲ

2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಗಳನ್ನು ಹುಟ್ಟುಹಾಕಿತು. ರಕ್ಷಣಾ ಕಾರ್ಯಕ್ಕೆ ಬೇಕಾದ ಕಟ್ಟಡ, ವಾಹನ, ಸಾಮಗ್ರಿಗಳನ್ನು ವಶಕ್ಕೆ ಪಡೆಯುವ ಅಧಿಕಾರ ಅದರ 65ನೇ ಸೆಕ್ಷನ್‌ನಲ್ಲಿದೆ. ಹಾಗೆ ಪಡೆದ ಕಟ್ಟಡಕ್ಕೆ, ವಾಹನಕ್ಕೆ ಸ್ಥಳೀಯ ದರ ನೋಡಿ ಪರಿಹಾರ ಕೊಡಬೇಕೆಂದು 66ನೇ ಸೆಕ್ಷನ್ ಹೇಳುತ್ತದೆ. ಯಂತ್ರದಿಂದ ಓಡುವುದಿರಲಿ, ಕೈಬಲದಿಂದ ಸಾಗುವುದಿರಲಿ, ಸಾಗಣೆಗೆ ಬಳಸುವ ಎಲ್ಲವೂ ಅಲ್ಲಿ ವಾಹನವೇ.

ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಮಾರ್ಗಸೂಚಿಯೂ ಇದೇ ದಾರಿಯಲ್ಲಿದೆ. ಜೀವ ಉಳಿಸಲು, ತುರ್ತು ಪರಿಹಾರ ಸಾಗಿಸಲು ಬಾಡಿಗೆಗೆ ಪಡೆದ ದೋಣಿಯ ವೆಚ್ಚವನ್ನು ವಾಸ್ತವ ಖರ್ಚಿನಂತೆ ಭರಿಸಲು ಅಲ್ಲಿ ಪ್ರತ್ಯೇಕ ಬಾಬ್ತು ಇದೆ. ಹುಟ್ಟು ಹಾಕುವವನ ದಿನಗೂಲಿಗೆ ಅಂಥ ಪ್ರತ್ಯೇಕ ಬಾಬ್ತು ಇಲ್ಲ. ಸಿಕ್ಕರೆ ಅದು ದೋಣಿಯ ಬಾಡಿಗೆಯೊಳಗೆ ಸೇರಿ ಸಿಗಬೇಕು. ದೋಣಿ ಇಲ್ಲದೆ ಬರಿ ತೋಳುಬಲದಿಂದ ನೀರಿಗಿಳಿದವನಿಗೆ ಆ ದಾರಿಯೂ ಇಲ್ಲ.

ಒಂದು ಸಂಗತಿಯಲ್ಲಿ ಮಾತ್ರ ಮಾರ್ಗಸೂಚಿ ಉದಾರವಾಗಿದೆ. ವಿಪತ್ತಿನಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ₹4 ಲಕ್ಷ ಪರಿಹಾರ, ಪರಿಹಾರ ಕಾರ್ಯದಲ್ಲಿ ತೊಡಗಿದ್ದಾಗ ಸತ್ತವರ ಕುಟುಂಬಕ್ಕೂ ಅನ್ವಯಿಸುತ್ತದೆ. ಅಂದರೆ ನೆರವಿಗೆ ಹೋದವನು ಸತ್ತರೆ ಲೆಕ್ಕಕ್ಕೆ ಸಿಗುತ್ತಾನೆ. ಬದುಕಿ ಬಂದರೆ ಅವನ ದಿನದ ದುಡಿಮೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಅಪಾಯ ಎಷ್ಟು ನಿಜವೆಂಬುದಕ್ಕೆ 2019ರ ಆಗಸ್ಟ್ ಸಾಕ್ಷಿ. ಆಗ ಕೃಷ್ಣಾ, ತುಂಗಭದ್ರಾ ಎರಡೂ ಉಕ್ಕಿದವು. ಸಿಂಧನೂರಿನ ನೆರೆಯ ಗಂಗಾವತಿ ತಾಲ್ಲೂಕಿನ ವಿರುಪಾಪುರಗಡ್ಡಿಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಕರೆತರುವಾಗ ದೋಣಿ ಮಗುಚಿ ರಕ್ಷಣಾ ಸಿಬ್ಬಂದಿಯೇ ನೀರುಪಾಲಾಗುವುದರಲ್ಲಿದ್ದರು. ಅವರನ್ನೂ ರಕ್ಷಿಸಬೇಕಾಯಿತು. ತರಬೇತಿ, ಜೀವರಕ್ಷಕ ಜಾಕೆಟ್, ಯಂತ್ರದ ದೋಣಿ ಇದ್ದವರ ಕತೆ ಇದು. ಬಿದಿರ ಹಂದರಕ್ಕೆ ಹೊದಿಕೆ ಬಿಗಿದ ಹರಿಗೋಲಿನಲ್ಲಿ ಹೋಗುವವನ ಪಾಡು ಹೇಳಬೇಕಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕಳಚಿಹೋದಾಗ ನದಿಪಾತ್ರದ ಹಳ್ಳಿಗಳಿಗೆಲ್ಲ ಎಚ್ಚರಿಕೆ ಹೋಯಿತು. ಇಂಥ ಪ್ರತಿ ಎಚ್ಚರಿಕೆಯ ಜತೆಗೆ ಈಜು ಬಲ್ಲವರು, ದೋಣಿ ಇರುವವರು ಸಿದ್ಧರಿರಬೇಕಾಗುತ್ತದೆ. ಹೀಗೆ ಕಾದು ಕೂರುವುದೂ ದುಡಿಮೆ ಬಿಟ್ಟ ಹೊತ್ತೇ.

ಗೃಹರಕ್ಷಕರು: ಕೋರ್ಟು ಹೇಳಿದ್ದೇನು?

ಗೃಹರಕ್ಷಕ ದಳದ ಬೇರು ಸ್ವಾತಂತ್ರ್ಯಪೂರ್ವದ ಮುಂಬಯಿಯಲ್ಲಿದೆ. ಕೋಮುಗಲಭೆಯ ದಿನಗಳಲ್ಲಿ ಪೊಲೀಸರ ನೆರವಿಗೆ ನಾಗರಿಕರ ಪಡೆಯೊಂದು 1946ರ ಡಿಸೆಂಬರ್ 6ರಂದು ಅಲ್ಲಿ ಹುಟ್ಟಿತು. 1962ರ ಚೀನಾ ಆಕ್ರಮಣದ ಬಳಿಕ ದೇಶದೆಲ್ಲೆಡೆ ಅದನ್ನು ಮರುಸಂಘಟಿಸಲಾಯಿತು. ಈ ರಾಜ್ಯದ ಗೃಹರಕ್ಷಕರ ಕಾಯ್ದೆಯೂ 1962ರದೇ.

ಮೂಲ ಕಲ್ಪನೆ ಸರಳ. ವಕೀಲ, ಮೇಷ್ಟ್ರು, ಅಂಗಡಿಯವ, ರೈತ ತಮ್ಮ ತಮ್ಮ ಕಸುಬು ಮಾಡಿಕೊಂಡೇ ವಾರಕ್ಕೊಮ್ಮೆ ಕವಾಯತಿಗೆ ಬರುವುದು, ಕರೆ ಬಂದಾಗ ಸಮವಸ್ತ್ರ ತೊಡುವುದು. ಕರ್ತವ್ಯದ ದಿನಗಳಿಗೆ ಕೈಖರ್ಚಿನ ಭತ್ಯೆ, ಉಚಿತ ಸಮವಸ್ತ್ರ, ಶೌರ್ಯಕ್ಕೆ ಪದಕ. ಇದು ನೌಕರಿಯಲ್ಲ ಎಂಬುದು ಕಾನೂನಿನ ನಿಲುವು.

ಕಾಲ ಸರಿದಂತೆ ಪೊಲೀಸ್ ಠಾಣೆಗಳ ಸಿಬ್ಬಂದಿ ಕೊರತೆ ತುಂಬುವ ಹೊಣೆ ಇವರ ಹೆಗಲೇರಿತು. ಕೆಲಸ ವರ್ಷವಿಡೀ, ಭತ್ಯೆ ಮಾತ್ರ ದಿನದ ಲೆಕ್ಕದಲ್ಲಿ. ಕರೆ ಬಾರದ ದಿನ ಕೈ ಖಾಲಿ. ಖಾಯಂ ಮಾಡಿ ಎಂಬ ಬೇಡಿಕೆ ಹಲವು ರಾಜ್ಯಗಳಲ್ಲಿ ಎದ್ದಿತು. ಹಿಮಾಚಲ ಪ್ರದೇಶದ ಗೃಹರಕ್ಷಕರ ಕ್ಷೇಮಾಭಿವೃದ್ಧಿ ಸಂಘದ ಅರ್ಜಿ ಸುಪ್ರೀಂ ಕೋರ್ಟ್ ತಲುಪಿತು.

2015ರ ಮಾರ್ಚ್ 11ರ ತೀರ್ಪು ಎರಡೂ ಕಡೆಗೆ ಒಂದೊಂದು ಉತ್ತರ ಕೊಟ್ಟಿತು. ಕಾಯ್ದೆಯ ಪ್ರಕಾರ ಇವರು ಸ್ವಯಂಸೇವಕರು, ಆದ್ದರಿಂದ ಖಾಯಮಾತಿ ಸಾಧ್ಯವಿಲ್ಲ ಎಂದಿತು. ಆದರೆ ಪೊಲೀಸರಿಗೆ ಬದಲಾಗಿ ಇವರನ್ನು ದುಡಿಸಿಕೊಳ್ಳುವಾಗ ಪುಡಿಗಾಸು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. 30 ದಿನಗಳ ಭತ್ಯೆ ಕೂಡಿಸಿದರೆ ಆ ರಾಜ್ಯದ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಬೇಕು ಎಂದಿತು.

ಲೆಕ್ಕ ಸುಲಭ. ಪೊಲೀಸರ ಕನಿಷ್ಠ ವೇತನ ತಿಂಗಳಿಗೆ ₹30,000 ಎಂದು ಹಿಡಿದರೆ ಗೃಹರಕ್ಷಕರ ದಿನದ ಭತ್ಯೆ ₹1,000 ಆಗಬೇಕು. ವೇತನ ಆಯೋಗ ಪೊಲೀಸರ ಸಂಬಳ ಏರಿಸಿದಾಗಲೆಲ್ಲ ಇದೂ ಏರಬೇಕು. ಸ್ವಯಂಸೇವಕನೆಂಬ ಹೆಸರು ಉಳಿಸಿಕೊಂಡೇ ದುಡಿಮೆಗೆ ತಕ್ಕ ಹಣ ಕೊಡಬಹುದೆಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಒಪ್ಪಿದಂತಾಯಿತು.

ತೀರ್ಪು ಮುಟ್ಟದ ಒಂದು ಮೂಲೆ ಉಳಿದಿದೆ. ದಿನದ ದರ ಸರಿಯಾದರೂ ವರ್ಷಕ್ಕೆ ಎಷ್ಟು ದಿನ ಕರೆಯಬೇಕೆಂಬುದು ಆಡಳಿತದ ಇಚ್ಛೆ. ತಿಂಗಳಿಗೆ ಹತ್ತು ದಿನ ಕರೆ ಬಂದವನಿಗೆ ಹತ್ತೇ ದಿನದ ಹಣ. ಆದರೆ ಕರೆ ಯಾವಾಗ ಬರುತ್ತದೆಂದು ತಿಳಿಯದ ಅವನಿಗೆ ಉಳಿದ ಇಪ್ಪತ್ತು ದಿನಕ್ಕೆ ಬೇರೆ ಖಾಯಂ ಕೆಲಸ ಸಿಗುವುದು ಕಷ್ಟ.

ಬಾಕ್ಸ್: ಯಾರಿಗೆ ಏನು ಸಿಗುತ್ತದೆ?

• ದಾರಿಹೋಕ ರಕ್ಷಕರು: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಸೆಕ್ಷನ್ ಅಡಿ ಕಾನೂನು ರಕ್ಷಣೆ. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಿದರೆ ಕೇಂದ್ರದಿಂದ ಬಹುಮಾನ. 2021ರಲ್ಲಿ ₹5,000 ಇದ್ದದ್ದು 2025ರಲ್ಲಿ ‘ರಾಹ್-ವೀರ್’ ಹೆಸರಿನಲ್ಲಿ ₹25,000 ಆಯಿತು.

• ಆಪದ ಮಿತ್ರ: 2016ರಲ್ಲಿ 30 ನೆರೆಪೀಡಿತ ಜಿಲ್ಲೆಗಳಲ್ಲಿ ತಲಾ 200ರಂತೆ 6,000 ಸ್ವಯಂಸೇವಕರ ತರಬೇತಿಯೊಂದಿಗೆ ಆರಂಭ. 2021ರಲ್ಲಿ 350 ಜಿಲ್ಲೆ, 1 ಲಕ್ಷ ಮಂದಿಗೆ ವಿಸ್ತರಣೆ. ತರಬೇತಿ, ಸಲಕರಣೆ ಕಿಟ್, ವಿಮೆ ಉಂಟು. ಮಾಸಿಕ ಸಂಬಳ ಇಲ್ಲ.

• ಗೃಹರಕ್ಷಕರು: ಕರ್ತವ್ಯದ ದಿನಕ್ಕೆ ಭತ್ಯೆ. ದೇಶದಲ್ಲಿ ಮಂಜೂರಾದ ಬಲ ಸುಮಾರು 5.73 ಲಕ್ಷ.

• ಅಂಬಿಗರು, ಈಜುಗಾರರು: ದೋಣಿ ಬಳಸಿದ್ದರೆ ಬಾಡಿಗೆ. ಸತ್ತರೆ ಕುಟುಂಬಕ್ಕೆ ಪರಿಹಾರ.

ಹಣ ಬೇಡ ಎನ್ನುವವರ ವಾದ

ಹಣ ಬಂದ ಕಡೆ ಸೇವೆ ಹೋಗುತ್ತದೆ ಎಂಬ ಆತಂಕ ಹಳೆಯದು, ತೂಕದ್ದೂ ಹೌದು. ಬ್ರಿಟನ್ನಿನ ಸಮಾಜವಿಜ್ಞಾನಿ ರಿಚರ್ಡ್ ಟಿಟ್ಮಸ್ 1970ರಲ್ಲಿ ರಕ್ತದಾನ ಕುರಿತ ತಮ್ಮ ಗ್ರಂಥದಲ್ಲಿ ಇದನ್ನೇ ವಾದಿಸಿದರು. ರಕ್ತಕ್ಕೆ ಬೆಲೆ ಕಟ್ಟಿದರೆ ಕೊಡುವ ಮನಸ್ಸು ಕುಗ್ಗುತ್ತದೆ, ರಕ್ತದ ಗುಣಮಟ್ಟವೂ ಕೆಡುತ್ತದೆ ಎಂಬುದು ಅವರ ನಿಲುವು. ಭಾರತದಲ್ಲೂ ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವುದು ನಿಂತಿತು. ಇಂದು ಸಿಂಧನೂರಿನಂಥ ಪಟ್ಟಣಗಳಲ್ಲೂ ಹುಟ್ಟುಹಬ್ಬ, ಪುಣ್ಯತಿಥಿಯ ನೆಪದಲ್ಲಿ ನಡೆಯುವ ಶಿಬಿರಗಳಿಗೆ ಯುವಕರು ಕಾಸು ಕೇಳದೆ ಬರುತ್ತಾರೆ.

ಇನ್ನೂ ಮೂರು ಆಕ್ಷೇಪಗಳಿವೆ. ಒಂದು, ಹಣವಿದೆ ಎಂದೊಡನೆ ಪಟ್ಟಿಯಲ್ಲಿ ಹೆಸರು ಸೇರಿಸಲು ಪೈಪೋಟಿ ಶುರುವಾಗುತ್ತದೆ. ಈಜು ಬಾರದವನೂ ಈಜುಗಾರನಾಗುತ್ತಾನೆ. ಎರಡು, ಬಿಲ್ಲು, ಸಹಿ, ಮಂಜೂರಾತಿಯ ಜಂಜಾಟಕ್ಕೆ ಸಿಕ್ಕಿ ತುರ್ತು ಎಂಬುದೇ ಮಾಯವಾಗಬಹುದು. ಮೂರು, ಖಜಾನೆಯ ಮಿತಿ.

ಹಣ ಕೇಳದೆ ದುಡಿದವರ ಉದಾಹರಣೆಗೂ ಬರವಿಲ್ಲ. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಸೆಳವಿಗಿಳಿದು ಹುಡುಕಾಟಕ್ಕೆ ನೆರವಾದವರಲ್ಲಿ ಮಲ್ಪೆಯ ಮುಳುಗುಗಾರ ಈಶ್ವರ್ ಮಲ್ಪೆ ಒಬ್ಬರು. ನೀರಿಗೆ ಬಿದ್ದವರನ್ನು, ಶವಗಳನ್ನು ಮೇಲೆತ್ತುವ ಕೆಲಸವನ್ನು ಅವರು ವರ್ಷಗಳಿಂದ ಸಂಬಳವಿಲ್ಲದೆ ಮಾಡಿಕೊಂಡು ಬಂದವರು.

ಕೊಡಬೇಕು ಎನ್ನುವವರ ವಾದ

ಎದುರು ವಾದ ಕೂಲಿಯ ಲೆಕ್ಕದಿಂದಲೇ ಆರಂಭವಾಗುತ್ತದೆ. ರಕ್ತ ಕೊಡಲು ಅರ್ಧ ಗಂಟೆ ಸಾಕು. ನೆರೆಯ ರಕ್ಷಣಾ ಕೆಲಸ ಮೂರು ನಾಲ್ಕು ದಿನ ಹಿಡಿಯುತ್ತದೆ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ಕೂಲಿ ದಿನಕ್ಕೆ ₹370 ಎಂದು ನಿಗದಿಯಾಗಿತ್ತು. ಹೊಲದ ಕೂಲಿಯನ್ನೇ ನಂಬಿದ ಮನೆಯಲ್ಲಿ ನಾಲ್ಕು ದಿನ ಆ ಹಣ ತಪ್ಪಿದರೆ ಸಂತೆಯ ಚೀಲ ಖಾಲಿ.

ಬೇಡ ಎನ್ನುವವರ ನೀತಿ ಪಾಲಿಸಿದರೆ ಕೊನೆಗೆ ಸ್ವಯಂಸೇವೆ ಉಳ್ಳವರ ಹವ್ಯಾಸವಾಗುತ್ತದೆ. ಆದರೆ ಹೊಳೆಯ ಗುಣ ಬಲ್ಲವರು ಉಳ್ಳವರಲ್ಲ. ಯಾವ ಸುಳಿ ಎಲ್ಲಿದೆ, ಯಾವ ಬಂಡೆ ಎಷ್ಟು ನೀರಿಗೆ ಮುಳುಗುತ್ತದೆ ಎಂದು ಗೊತ್ತಿರುವುದು ಮೀನು ಹಿಡಿದು ಬದುಕುವವರಿಗೆ, ಹರಿಗೋಲು ನಡೆಸುವವರಿಗೆ.

ರಾಯಚೂರು ಜಿಲ್ಲೆಗೆ ಇನ್ನೊಂದು ತೊಡಕಿದೆ. ಗಟ್ಟಿ ತೋಳಿನ ಯುವಕರು ಕೆಲಸವಿಲ್ಲದ ತಿಂಗಳುಗಳಲ್ಲಿ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವನ ಹೆಸರು ಇಲ್ಲಿನ ಸ್ವಯಂಸೇವಕರ ಪಟ್ಟಿಯಲ್ಲಿದ್ದು ಫಲವಿಲ್ಲ. ಊರಲ್ಲೇ ಉಳಿಯಲು ಏನಾದರೂ ಆಸರೆ ಇದ್ದರೆ ಮಾತ್ರ ಪಟ್ಟಿ ಜೀವಂತ ಪಟ್ಟಿಯಾದೀತು.

ಹಣದ ಜತೆ ಹೊಣೆಯೂ ಬರುತ್ತದೆ ಎಂಬುದು ಮತ್ತೊಂದು ಅಂಶ. ಏನನ್ನೂ ಕೊಡದೆ ತರಬೇತಿಗೆ ಬಾ, ವರ್ಷಕ್ಕೊಮ್ಮೆ ಪರೀಕ್ಷೆ ಕೊಡು, ಜಾಕೆಟ್ ಇಲ್ಲದೆ ನೀರಿಗಿಳಿಯಬೇಡ ಎಂದು ಕಟ್ಟುನಿಟ್ಟು ಮಾಡುವುದು ಕಷ್ಟ. ಭತ್ಯೆ ಕೊಡುವ ಆಡಳಿತ ಶಿಸ್ತನ್ನೂ ಕೇಳಬಹುದು.

ಗೌರವಧನದ ಹೆಸರಲ್ಲಿ ನಡೆಯುವ ಇತರ ಸೇವೆಗಳ ಅನುಭವವೂ ಮುಂದಿದೆ. ಆಶಾ ಕಾರ್ಯಕರ್ತೆಯರನ್ನು ನೇಮಿಸಿಕೊಂಡಿದ್ದು ಸ್ವಯಂಸೇವಕಿಯರೆಂದು. ಕೋವಿಡ್ ಕಾಲದಲ್ಲಿ ಮನೆಮನೆ ತಿರುಗಿದ ಅವರು ಕೊನೆಗೆ 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಧರಣಿ ಕೂತು, ತಿಂಗಳಿಗೆ ಕನಿಷ್ಠ ₹10,000ದ ಭರವಸೆ ಪಡೆಯಬೇಕಾಯಿತು. ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ದಿನನಿತ್ಯದ ದುಡಿಮೆಯನ್ನು ಸೇವೆಯೆಂದು ಕರೆದು ಎಷ್ಟು ಕಾಲ ದಾಟಿಸಬಹುದು ಎಂಬುದಕ್ಕೆ ಒಂದು ಮಿತಿ ಇದೆ.

ಬೇರೆ ದೇಶಗಳ ದಾರಿ

ಜರ್ಮನಿಯಲ್ಲಿ ಸುಮಾರು 10 ಲಕ್ಷ ಸ್ವಯಂಸೇವಕ ಅಗ್ನಿಶಾಮಕರಿದ್ದಾರೆ. ಅವರಿಗೆ ಸಂಬಳವಿಲ್ಲ. ಆದರೆ ಕರೆಗಂಟೆ ಬಾರಿಸಿದಾಗ ಕೆಲಸ ಬಿಟ್ಟು ಓಡಲು ಮಾಲೀಕ ಅನುಮತಿಸಬೇಕು, ಆ ಹೊತ್ತಿನ ಸಂಬಳ ಕತ್ತರಿಸುವಂತಿಲ್ಲ. ಖಾಸಗಿ ಮಾಲೀಕನಿಗೆ ಆ ಹಣವನ್ನು ಸ್ಥಳೀಯ ಆಡಳಿತ ತುಂಬಿಕೊಡುತ್ತದೆ.

ಬ್ರಿಟನ್ನಿನಲ್ಲಿ ಹಳ್ಳಿ, ಸಣ್ಣಪಟ್ಟಣಗಳ ಅಗ್ನಿಶಾಮಕರಿಗೆ ಸಿದ್ಧವಾಗಿರುವುದಕ್ಕೆ ವಾರ್ಷಿಕ ಮೊತ್ತ, ಕರೆಗೆ ಹೋದಾಗ ಪ್ರತ್ಯೇಕ ಹಣ. ಅದೇ ದೇಶದಲ್ಲಿ 1824ರಲ್ಲಿ ಹುಟ್ಟಿದ ಜೀವರಕ್ಷಕ ದೋಣಿಗಳ ಸಂಸ್ಥೆ ಆರ್‌ಎನ್‌ಎಲ್‌ಐ ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರಿಂದಲೇ ನಡೆಯುತ್ತದೆ. 1981ರ ಡಿಸೆಂಬರ್ 19ರಂದು ಹಡಗಿನವರನ್ನು ಉಳಿಸಲು ಹೋದ ಅದರ ಪೆನ್ಲೀ ದೋಣಿಯ ಎಂಟೂ ಮಂದಿ ಬಿರುಗಾಳಿಗೆ ಬಲಿಯಾದರು.

ಅಮೆರಿಕದಲ್ಲಿ ಅಗ್ನಿಶಾಮಕರ ಪೈಕಿ ಮೂರರಲ್ಲಿ ಎರಡು ಪಾಲು ಸ್ವಯಂಸೇವಕರು. ಅವರಿಗೆ ಸಾಂಕೇತಿಕ ಮೊತ್ತ ಕೊಡಬಹುದು. ಅದು ಪೂರ್ಣಾವಧಿ ನೌಕರನಿಗೆ ತಗಲುವ ವೆಚ್ಚದ ಶೇ 20 ದಾಟಿದರೆ ಸ್ವಯಂಸೇವೆಯೆಂಬ ಮಾತು ನಿಲ್ಲುವುದಿಲ್ಲ ಎಂಬುದು ಅಲ್ಲಿನ ಕಾರ್ಮಿಕ ಇಲಾಖೆಯ ಅಳತೆ.

ಬೆಲ್ಜಿಯಂನ ನಿವೆಲ್ ಪಟ್ಟಣದ ಸ್ವಯಂಸೇವಕ ಅಗ್ನಿಶಾಮಕ ರೂಡಿ ಮಾಟ್ಜಾಕ್ ಅವರ ಪ್ರಕರಣ ಇನ್ನೂ ಕುತೂಹಲದ್ದು. ಕರೆ ಬಂದ ಎಂಟು ನಿಮಿಷದೊಳಗೆ ಠಾಣೆ ತಲುಪಬೇಕೆಂಬ ಷರತ್ತಿನಿಂದ ಅವರು ಮನೆಯಲ್ಲೇ ಕಾದಿರಬೇಕಿತ್ತು. ಹಾಗೆ ಕಾದ ಹೊತ್ತೂ ಕೆಲಸದ ಹೊತ್ತೇ ಎಂದು ಐರೋಪ್ಯ ನ್ಯಾಯಾಲಯ 2018ರ ಫೆಬ್ರುವರಿ 21ರಂದು ತೀರ್ಪಿತ್ತಿತು.

ಆಸ್ಟ್ರೇಲಿಯಾದ ಉದಾಹರಣೆ ಈ ಮೂರು ತಾಲ್ಲೂಕುಗಳಿಗೆ ಹೆಚ್ಚು ಹತ್ತಿರ. 2019ರ ಕೊನೆಯಲ್ಲಿ ಕಾಳ್ಗಿಚ್ಚು ತಿಂಗಳುಗಟ್ಟಲೆ ಉರಿದಾಗ ಪ್ರಧಾನಿ ಸ್ಕಾಟ್ ಮಾರಿಸನ್ ನ್ಯೂ ಸೌತ್ ವೇಲ್ಸ್‌ನ ಗ್ರಾಮೀಣ ಅಗ್ನಿಶಾಮಕ ಸ್ವಯಂಸೇವಕರಿಗೆ ದಿನಕ್ಕೆ 300 ಡಾಲರ್‌ವರೆಗೆ, ಗರಿಷ್ಠ 6,000 ಡಾಲರ್ ಪರಿಹಾರ ಘೋಷಿಸಿದರು. ಹತ್ತು ದಿನಕ್ಕಿಂತ ಹೆಚ್ಚು ಕಾಲ ಬೆಂಕಿಗೆ ಎದೆಯೊಡ್ಡಿದ ಸ್ವಂತ ಉದ್ಯೋಗದವರು, ಸಣ್ಣ ಮತ್ತು ಮಧ್ಯಮ ಸಂಸ್ಥೆಗಳ ನೌಕರರು ಅದಕ್ಕೆ ಅರ್ಹರಾಗಿದ್ದರು. ಅದು ಕಳೆದುಹೋದ ಆದಾಯವನ್ನು ತುಂಬಿಕೊಡುವ ಏರ್ಪಾಡು.

ಜರ್ಮನಿಯ ಮಾದರಿ ನಡೆಯಲು ಮಾಲೀಕನಿರಬೇಕು, ಸಂಬಳದ ಚೀಟಿ ಇರಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಅಂಬಿಗ, ಸಣ್ಣ ರೈತ, ಹಮಾಲಿಗೆ ಎರಡೂ ಇಲ್ಲ. ಆದ್ದರಿಂದ ಸ್ವಂತ ದುಡಿಮೆಯವರ ನಷ್ಟ ಭರಿಸುವ ಆಸ್ಟ್ರೇಲಿಯಾದ ಬಗೆಯೇ ಇಲ್ಲಿಗೆ ಒಗ್ಗುತ್ತದೆ.

ಇಲ್ಲಿಗೆ ಯಾವುದು ಸರಿ?

ಸ್ವಯಂಸೇವಕರಿಗೆಲ್ಲ ಸಂಬಳ ಅಥವಾ ಯಾರಿಗೂ ಬೇಡ ಎಂಬ ಎರಡು ತುದಿಗಳ ನಡುವೆ ಉತ್ತರ ಅಡಗಿದೆ. ನೋಡಬೇಕಾದ ಸಂಗತಿ ಮೂರು: ಕರೆದವರು ಯಾರು, ಎಷ್ಟು ಸಲ ಕರೆದರು, ಬಾರದಿರಲು ಅವನಿಗೆ ಅವಕಾಶವಿತ್ತೇ?

ಯಾರೂ ಕರೆಯದೆ ಬಂದವನಿಗೆ ಮೊದಲು ಬೇಕಾದದ್ದು ಕಾನೂನಿನ ಆಸರೆ. ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಅದೇ ವರ್ಷ ಇದಕ್ಕಾಗಿಯೇ ಪ್ರತ್ಯೇಕ ಮಸೂದೆ ರೂಪಿಸಿ ದೇಶಕ್ಕೆ ಮೇಲ್ಪಂಕ್ತಿ ಹಾಕಿತು. ಬಹುಮಾನ ಇಂಥವರಿಗೆ ಸಂದರೆ ಸಂತೋಷ, ಆದರೆ ಅದನ್ನು ನೆಚ್ಚಿ ಯಾರೂ ರಸ್ತೆಯಲ್ಲಿ ಕಾಯುವುದಿಲ್ಲ.

ಆಡಳಿತವೇ ಕರೆಸಿಕೊಂಡವನ ಮಾತು ಬೇರೆ. ತಹಶೀಲ್ದಾರರ ಕಚೇರಿಯಿಂದ ಫೋನು ಹೋಗಿ ಹರಿಗೋಲಿನೊಂದಿಗೆ ಬಂದವನು ಆ ಹೊತ್ತಿಗೆ ಸರ್ಕಾರದ ಕೆಲಸದವನು. ದೋಣಿಯ ಬಾಡಿಗೆಯ ಜತೆ ಅವನ ದಿನದ ಕೂಲಿ, ಊಟ, ಪ್ರಯಾಣ, ವಿಮೆ ಸಿಗಲೇಬೇಕು. ದರ ಹುಡುಕಲು ದೂರ ಹೋಗಬೇಕಿಲ್ಲ. ಗೃಹರಕ್ಷಕರಿಗೆ ಕೋರ್ಟು ಹಾಕಿಕೊಟ್ಟ ಲೆಕ್ಕವೇ ಇದೆ.

ಖರ್ಚು ಎಷ್ಟಾದೀತು? ತಾಲ್ಲೂಕಿಗೆ 100ರಂತೆ ಮೂರು ತಾಲ್ಲೂಕುಗಳಲ್ಲಿ 300 ಮಂದಿಯ ಪಟ್ಟಿ, ವರ್ಷಕ್ಕೆ ಹತ್ತು ದಿನದ ಕರೆ, ದಿನಕ್ಕೆ ₹1,000 ಎಂದು ಹಿಡಿದರೂ ಒಟ್ಟು ₹30 ಲಕ್ಷ. ಖಜಾನೆಯ ಮಿತಿಯ ಮಾತು ಈ ಮೊತ್ತದ ಮುಂದೆ ನಿಲ್ಲುವುದಿಲ್ಲ.

ನಕಲಿ ಹೆಸರಿನ ಭಯಕ್ಕೂ ಮದ್ದಿದೆ. ಮಳೆಗಾಲಕ್ಕೆ ಮೊದಲೇ ಈಜು ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸಿ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಯಾರು ಈಜಬಲ್ಲರು, ಯಾರು ಬಲ್ಲೆನೆನ್ನುತ್ತಾರೆ ಎಂಬುದನ್ನು ಊರೇ ಹೇಳುತ್ತದೆ. ಹಣ ನೇರ ಬ್ಯಾಂಕ್ ಖಾತೆಗೆ ಹೋದರೆ ಬಿಲ್ಲಿನ ಜಂಜಾಟವೂ ಕಡಿಮೆ.

ಇನ್ನು ವರ್ಷವಿಡೀ ದುಡಿಯುವ ಗೃಹರಕ್ಷಕರು. ಇವರ ವಿಷಯದಲ್ಲಿ ಸ್ವಯಂಸೇವೆ ಎಂಬ ಮಾತು ಹೆಸರಿಗಷ್ಟೇ ಉಳಿದಿದೆ. ದಿನದ ದರದ ಜತೆಗೆ ವರ್ಷಕ್ಕೆ ಇಂತಿಷ್ಟು ದಿನದ ಕೆಲಸ ಖಚಿತ ಎಂಬ ಭರವಸೆ, ಗಾಯಗೊಂಡರೆ ಚಿಕಿತ್ಸೆ ಮತ್ತು ಆ ಅವಧಿಯ ಭತ್ಯೆ, ತಡವಿಲ್ಲದ ಪಾವತಿ ಇವು ಕನಿಷ್ಠ ನ್ಯಾಯ.

ಬಾಕ್ಸ್: ಈಗಲೇ ಮಾಡಬಹುದಾದದ್ದು

• ಪ್ರತಿ ಮೇ ತಿಂಗಳಲ್ಲಿ ನದಿ, ಹಳ್ಳ, ನಾಲೆ ತೀರದ ಊರುಗಳ ಅಂಬಿಗರು, ಈಜುಗಾರರ ಪಟ್ಟಿ ನವೀಕರಣ.

• ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್, ಹಗ್ಗ, ಟಾರ್ಚ್, ಅಪಘಾತ ವಿಮೆ.

• ದೋಣಿ ಬಾಡಿಗೆಯ ದರಪಟ್ಟಿಯಲ್ಲೇ ನಡೆಸುವವರ ದಿನಗೂಲಿಯನ್ನೂ ನಮೂದಿಸುವುದು.

• ಕರೆ ಹೋದ ಹೊತ್ತು, ಬಂದವರ ಹೆಸರು ದಾಖಲಿಸುವ ಪುಸ್ತಕ ತಹಶೀಲ್ದಾರ್ ಕಚೇರಿಯಲ್ಲಿ.

ಹಣ ಕೊಟ್ಟರೆ ಸೇವಾಭಾವ ಸಾಯುತ್ತದೆ ಎಂಬ ಭಯಕ್ಕೆ ಪೊಲೀಸರು, ದಾದಿಯರು, 108 ಆಂಬುಲೆನ್ಸ್ ಸಿಬ್ಬಂದಿ ಉತ್ತರವಾಗಿ ನಿಂತಿದ್ದಾರೆ. ಸಂಬಳ ಪಡೆಯುವ ಅವರಲ್ಲೂ ಜೀವದ ಹಂಗು ತೊರೆದು ದುಡಿದವರಿದ್ದಾರೆ. ತಾವಾಗಿ ಬಂದವರಿಗೆ ಕಾನೂನಿನ ರಕ್ಷಣೆ, ಕರೆಸಿಕೊಂಡವರಿಗೆ ದಿನದ ಕೂಲಿ ಮತ್ತು ವಿಮೆ, ದಿನವೂ ದುಡಿಸಿಕೊಳ್ಳುವವರಿಗೆ ಪೊಲೀಸರ ಕನಿಷ್ಠ ವೇತನಕ್ಕೆ ಸಮನಾದ ಭತ್ಯೆ ಎಂಬ ಮೂರು ಮೆಟ್ಟಿಲಿನ ವ್ಯವಸ್ಥೆ ಇಂದಿನ ಅಗತ್ಯ. ಇದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ವಿಪತ್ತು ನಿಧಿಯ ಮಾರ್ಗಸೂಚಿಗೆ ಒಂದು ಸಾಲು ಸೇರಿಸಿ, 2015ರ ತೀರ್ಪನ್ನು ಅಕ್ಷರಶಃ ಪಾಲಿಸಿ, ಕೆಲಸದ ದಿನಗಳ ಭರವಸೆಯನ್ನೂ ಕೊಟ್ಟರೆ ಸಾಕು.